ಹಿರೀಸಾವೆಯ ದೊಡ್ಡ ಗಂಟಲು

ಹೋದ ತಿಂಗಳು ಒಂದು ಬೆಳಗ್ಗೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಫೋನು ಮಾಡಿ, "ಸಾರ್, ಫ್ಲೆಕ್ಸಿಗೆ ಎರಡು ಸಾಲು ಬರೆದುಕೊಡಿ" ಎಂದಳು. ಗಂಡ ತೀರಿಕೊಂಡು ಆಗಿನ್ನೂ ವಾರ ತುಂಬಿರಲಿಲ್ಲ. ನಮ್ಮ ಹಾಸನದ ಕಡೆ ಈಗ ಸತ್ತವರಿಗೂ ಫ್ಲೆಕ್ಸು ಕಟ್ಟುತ್ತಾರೆ. ಹುಟ್ಟುಹಬ್ಬದ್ದನ್ನು ಇಳಿಸಿದ ಗಳಕ್ಕೇ ತಿಥಿಯದನ್ನು ಏರಿಸುತ್ತಾರೆ, ಗಳಕ್ಕೇನು ಭೇದ. ಕನ್ನಡ ಮೇಷ್ಟ್ರಾಗಿ ನಿವೃತ್ತನಾದವನಿಗೆ ಇಂಥ ಕೆಲಸ ತಪ್ಪಿದ್ದಲ್ಲ. ನಗುಮೊಗ, ಸರಳ ಜೀವಿ, ಮತ್ತೆ ಹುಟ್ಟಿ ಬನ್ನಿ ಎಂದೆಲ್ಲ ಸೇರಿಸಿ ಎರಡು ಸಾಲು ಕಳಿಸಿದೆ.

ಆಕೆ ಮತ್ತೆ ಫೋನು ಮಾಡಿದಳು. "ಸಾರ್, ಇದು ಯಾರಿಗಾದರೂ ಆಗುತ್ತಲ್ವಾ?" ಎಂದಳು. ನಾನು ಬಾಯಿ ತೆರೆಯುವ ಮೊದಲೇ, "ಇರಲಿ ಬಿಡಿ, ಇದನ್ನೇ ಹಾಕಿಸ್ತೀನಿ" ಎಂದು ಇಟ್ಟುಬಿಟ್ಟಳು.

ಆಕೆ ಹೇಳಿದ್ದು ಸರಿಯೇ. ಅವನಿಗೆ ಮಾತ್ರ ಆಗುವಂಥದ್ದು ಫ್ಲೆಕ್ಸಿನಲ್ಲಿ ಹಿಡಿಯುವುದಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಹೆಸರು ಹೇಳುವುದಿಲ್ಲ. ಅವನ ಹೆಸರು ಹೇಳಿದರೆ ಆಕೆಯ ಗುರುತೂ ಸಿಕ್ಕುತ್ತದೆ, ನಾಲ್ಕು ಜನರ ಕಣ್ಣಿಗೆ ಬೀಳುವುದೆಂದರೆ ಆಕೆಗೆ ಮೊದಲಿನಿಂದಲೂ ಆಗದು. ಅವನು ನನಗಿಂತ ಹದಿನೈದು ವರ್ಷಕ್ಕಾದರೂ ಚಿಕ್ಕವನು. ಎದುರಿಗೆ ಗೌಡ್ರೇ ಎನ್ನುತ್ತಿದ್ದೆ, ಮನಸ್ಸಿನಲ್ಲಿ ಅವನು ಎಂದೇ ಇತ್ತು. ಹಾಗೆಯೇ ಬರೆಯುತ್ತೇನೆ.

ನಾನು ಚನ್ನರಾಯಪಟ್ಟಣದ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದ ಕಾಲ ಅದು. ಮನೆ ಮಠ ಅರಕಲಗೂಡಿನಲ್ಲಿ, ಹೆಂಡತಿಯ ಕೆಲಸವೂ ಅಲ್ಲೇ. ಪಟ್ಟಣದ ಬಾಡಿಗೆಗೆ ಹೆದರಿ ನಾನೊಬ್ಬನೇ ಹಿರೀಸಾವೆಯಲ್ಲಿ ಒಂದು ರೂಮು ಹಿಡಿದಿದ್ದೆ. ಹೈವೇ ಪಕ್ಕದಲ್ಲಿ ಅವನ ಹೋಟೆಲು. ತಗಡಿನ ಮಾಡು, ಉದ್ದನೆಯ ಟೇಬಲ್ಲುಗಳು, ಹಿಂದೆ ಹೊಗೆ ತುಂಬಿದ ಅಡುಗೆಮನೆ. ಮುದ್ದೆ, ನಾಟಿಕೋಳಿ ಸಾರು, ಬೋಟಿ ಗೊಜ್ಜು. ಸೋಮವಾರ ಮಾತ್ರ ಸೊಪ್ಪಿನ ಬಸ್ಸಾರು. ಮಧ್ಯಾಹ್ನವಾದರೆ ಲಾರಿಗಳು ರಸ್ತೆಯ ಪಕ್ಕ ಸಾಲಾಗಿ ನಿಲ್ಲುತ್ತಿದ್ದವು.

ಅವನು ಗಲ್ಲಾದಿಂದ ಎದ್ದದ್ದನ್ನು ನಾನು ಕಂಡದ್ದು ಕಡಿಮೆ. ಕೂತಲ್ಲಿಂದಲೇ ಅಡುಗೆಮನೆಗೆ ಆರ್ಡರು ಕೂಗುತ್ತಿದ್ದ. "ಎಲ್ಡ್ ಮುದ್ದೆ, ಒಂದ್ ಬೋಟಿ, ಮೂಲೆ ಟೇಬಲ್ಲೂ!" ಹೊರಗೆ ಹಾರನ್ನು ಹೊಡೆಯುತ್ತ ಲಾರಿ ಹೋಗುತ್ತಿದ್ದರೂ ಅವನ ಕೂಗು ಅದನ್ನು ಹಾದು ಒಲೆಯ ಮುಂದೆ ಇದ್ದವರಿಗೆ ತಲುಪುತ್ತಿತ್ತು. ನನ್ನ ಪಾಠ ಕೊನೇ ಬೆಂಚಿಗೆ ಕೇಳಿಸುವುದಿಲ್ಲ ಎಂದು ಹುಡುಗರು ಪ್ರಿನ್ಸಿಪಾಲರಿಗೆ ದೂರು ಕೊಟ್ಟಿದ್ದರು. ಈ ಗಂಟಲಿನಲ್ಲಿ ಕಾಲುಭಾಗ ನನಗಿದ್ದಿದ್ದರೆ ಎಂದು ಊಟ ಮಾಡುತ್ತ ಎಷ್ಟೋ ಸಲ ಹೊಟ್ಟೆಕಿಚ್ಚು ಪಟ್ಟಿದ್ದೇನೆ.

ಗುಟ್ಟು ಎನ್ನುವುದು ಅವನಿಗೆ ಗೊತ್ತಿರಲಿಲ್ಲ. ಸಂತೋಷವಾದರೂ ಕೂಗುತ್ತಿದ್ದ, ಸಿಟ್ಟು ಬಂದರೂ ಕೂಗುತ್ತಿದ್ದ. ಹಸು ಕರು ಹಾಕಿದ ಸುದ್ದಿಯನ್ನು ಬೆಂಗಳೂರಿನ ಬಸ್ಸು ಹತ್ತುತ್ತಿದ್ದ ಅಪರಿಚಿತರಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಬಾಯಿ ಬಿಟ್ಟರೆ ಬಣ್ಣಗೇಡು ಎಂದು ದೊಡ್ಡವರು ಹೇಳಿದ್ದಾರೆ. ಅವನು ಬಣ್ಣ ಹೋದರೂ ಚಿಂತೆಯಿಲ್ಲ ಎನ್ನುವ ಜಾತಿ.

ಆಕೆ ಇದ್ದದ್ದು ಒಲೆಯ ಮುಂದೆ. ತವರು ರಾಮನಾಥಪುರದ ಹತ್ತಿರ, ಹೊಗೆಸೊಪ್ಪು ಬೆಳೆಯುವವರ ಮನೆ. ಪಿಯುಸಿ ಫಸ್ಟ್ ಕ್ಲಾಸಿನಲ್ಲಿ ಮುಗಿಸಿದ ವರ್ಷವೇ ಮದುವೆಯಾಗಿತ್ತು. ಒಂದು ಭಾನುವಾರ ಕೈ ತೊಳೆಯಲು ಹಿಂದಕ್ಕೆ ಹೋದಾಗ, ಆಕೆ ಮುದ್ದೆ ಕಟ್ಟುತ್ತಲೇ ಮಗಳಿಗೆ ಪಾಠ ಹೇಳಿಕೊಡುತ್ತಿದ್ದುದು ಕಂಡಿತು. ಮಗು ತಪ್ಪಿದರೆ ಬೈಯದೆ, ಬೇರೆ ದಾರಿಯಿಂದ ಮತ್ತೆ ಹೇಳುತ್ತಿದ್ದಳು. ಅದು ಎಲ್ಲರಿಗೂ ಬರುವ ವಿದ್ಯೆಯಲ್ಲ, ನನಗೂ ಬರಲಿಲ್ಲ. ಗಲ್ಲಾದ ಹತ್ತಿರ ಬಂದು, "ಗೌಡ್ರೇ, ನಿಮ್ಮನೆಯವರು ಇನ್ನೂ ಓದಿದ್ದರೆ ಒಳ್ಳೇ ಟೀಚರ್ ಆಗ್ತಿದ್ದರು" ಎಂದೆ. ಹೇಳಿ, ಸೋಂಪು ಬಾಯಿಗೆ ಹಾಕಿಕೊಂಡು, ಮರೆತೂಬಿಟ್ಟೆ.

ಹೋಟೆಲಿನವನ ಮುಂದೆ ಹಾಗೆ ಮಾತಾಡಬಾರದು. ಯಾರ ಬಾಯಿಂದ ಬಿದ್ದದ್ದಾದರೂ ಅವನಿಗೆ ಆರ್ಡರೇ. ಒಂದು ವಾರ ಕಳೆದಿರಬೇಕು, ಕಾಲೇಜಿನ ಆಫೀಸಿನ ಮುಂದೆ ಹೆಗಲ ಮೇಲಿನ ಟವೆಲು ಸರಿಮಾಡಿಕೊಳ್ಳುತ್ತ ನಿಂತಿದ್ದ.

"ನೀವೇಳಿದ್ರಲ್ಲ ಸಾ, ಓದುದ್ರೆ ಟೀಚ್ರಾಯ್ತಾಳೆ ಅಂತ. ಕರ್ಕಂಡ್ ಬಂದ್ಬುಟ್ಟೆ. ಸೇರುಸ್ಕಳಿ."

ನಾನು ತಬ್ಬಿಬ್ಬಾದೆ. ಆಕೆ ಮೆಟ್ಟಿಲ ಹತ್ತಿರ ಸೆರಗು ಹಿಡಿದುಕೊಂಡು ನಿಂತಿದ್ದಳು. ಇದು ಅವನ ಆಸೆಯೋ ಆಕೆಯದೋ ತಿಳಿಯಬೇಕಿತ್ತು. ಅವನನ್ನು ಅಲ್ಲೇ ಬಿಟ್ಟು ಹೋಗಿ, "ಏನಮ್ಮ, ಓದ್ತೀಯಾ?" ಎಂದೆ.

"ಓದ್ತೀನಿ ಸಾರ್" ಎಂದಳು. ಗಂಡನ ಕಡೆ ನೋಡಿ, "ಆದ್ರೆ ಇವರು ನನ್ ಹಿಂದೆ ಕಾಲೇಜ್ ತಂಕ ಬರೋದು ಬ್ಯಾಡ" ಎಂದು ನಕ್ಕಳು. ನಗುತ್ತ ಹೇಳಿದಳು, ಆದರೆ ತಮಾಷೆಗೆ ಹೇಳಿರಲಿಲ್ಲ.

ಹಾಗೆ ಆಕೆ ಬಿ.ಎ.ಗೆ ಸೇರಿದಳು. ಸೊಸೆ ಬಸ್ಸು ಹತ್ತಿ ಓದಲು ಹೋಗುವುದು ಅವನ ತಾಯಿಗೆ ಒಪ್ಪಿಗೆಯಾಗಲಿಲ್ಲ. ಅವನು ತಾಯಿಯ ಮೇಲೂ ಕೂಗಿದನಂತೆ. ಮುದ್ದೆ ಕಟ್ಟಲು ಒಬ್ಬ ಹೆಂಗಸನ್ನು ಗೊತ್ತುಮಾಡಿದ. ಆ ಹೆಂಗಸಿನ ಮುದ್ದೆ ಗಂಟುಗಂಟು. ಗಿರಾಕಿಗಳು ಗೊಣಗಿದರೆ, "ಗಂಟಿದ್ರೆ ನುಂಗ್ಲಾ, ಪರೀಕ್ಸೆಗೆ ಓದೋಳ್ನ ಎಬ್ಬುಸ್ಕಂಡ್ ಬರಾಕಾಯ್ತದಾ?" ಎಂದು ಗಲ್ಲಾದಿಂದಲೇ ದಬಾಯಿಸುತ್ತಿದ್ದ. ಅವನ ವ್ಯಾಪಾರಕ್ಕೆ ಅದರಿಂದ ಹೊಡೆತ ಬಿದ್ದಿರಬೇಕು. ಅದನ್ನು ಮಾತ್ರ ಅವನು ಯಾರಿಗೂ ಕೂಗಿ ಹೇಳಲಿಲ್ಲ.

"ಉಂಡಿದ್ದು ನಾಳೀಕಿರಾಕಿಲ್ಲ ಸಾ, ಓದಿದ್ದಿರ್ತದೆ" ಎನ್ನುವುದು ಅವನ ಮಾತು. ದಿನವೆಲ್ಲ ಜನಕ್ಕೆ ಉಣ್ಣಲು ಇಕ್ಕಿ ಬದುಕುವವನು ಹೀಗೆನ್ನುತ್ತಿದ್ದ. ಆಕೆಯ ಪುಸ್ತಕ ಮುಟ್ಟುವ ಮೊದಲು ಕೈಯನ್ನು ಎರಡು ಸಲ ಸೋಪು ಹಾಕಿ ತೊಳೆದು, ಮೂಸಿ ನೋಡಿಕೊಳ್ಳುತ್ತಿದ್ದ. ಒಳಗೆ ಏನಿದೆ ಎಂದು ತೆರೆದು ನೋಡುತ್ತಿರಲಿಲ್ಲ. ಮೇಲಿನ ಧೂಳು ಒರೆಸಿ ಇಟ್ಟುಬಿಡುತ್ತಿದ್ದ.

ಮೊದಲ ಸೆಮಿಸ್ಟರಿನ ರಿಸಲ್ಟು ಬಂದ ದಿನ ನಾನು ಅಲ್ಲೇ ಊಟಕ್ಕೆ ಕೂತಿದ್ದೆ. "ಕನ್ನಡ ಎಪ್ಪತ್ತೆಂಟೂ! ಇತಿಹಾಸ ಅರವತ್ತೂ!" ಎಂದು ಅದೇ ರಾಗದಲ್ಲಿ, ಅದೇ ಗಂಟಲಿನಲ್ಲಿ ಕೂಗಿದ. ಅಡುಗೆಯವನು ಒಳಗಿನಿಂದ ಇಣುಕಿ, ಇಷ್ಟೊಂದು ಯಾರಿಗೆ ಎನ್ನುವಂತೆ ಗಾಬರಿಯಲ್ಲಿ ನೋಡಿದ. ಒಬ್ಬ ಲಾರಿ ಡ್ರೈವರು, "ಅಣ್ಣಾ, ನಂಗ್ ಎಲ್ಡ್ ಮುದ್ದೆ ಸಾಕು ಕಣಣ್ಣ" ಎಂದ. ಇಡೀ ಹೋಟೆಲು ನಕ್ಕಿತು, ಅವನೂ ನಕ್ಕ. ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ ಆಕೆ ಮಾತ್ರ ಒಳಗೆ ಸರಿದಳು.

ಇದನ್ನೆಲ್ಲ ನಾನೂ ನಗುತ್ತಲೇ ನೋಡುತ್ತಿದ್ದೆ. ಎರಡನೆಯ ವರ್ಷ ಒಂದು ದಿನ ಪಾಠದ ನಡುವೆ ಕಿಟಕಿಯ ಹೊರಗಿನಿಂದ ಆ ಗಂಟಲು ಹೆಂಡತಿಯನ್ನು ಕೂಗಿತು. "ಅಮ್ಮೀ! ಬುತ್ತಿ ಬುಟ್ಬಂದಿದ್ದೀಯಲ್ಲಮ್ಮೀ!" ಕಾಂಪೌಂಡಿನ ಆಚೆ ನಿಂತಿದ್ದ, ಒಳಗೆ ಬರಬೇಡ ಎಂದ ಮಾತಿಗೆ ತಪ್ಪಿರಲಿಲ್ಲ. ಕ್ಲಾಸು ಹೋ ಎಂದಿತು. ಆಕೆಗೆ ಮೂವತ್ತು ದಾಟಿತ್ತು, ಸುತ್ತ ಇದ್ದವರೆಲ್ಲ ಹತ್ತೊಂಬತ್ತರವರು. ಮೊದಲೇ ಆಂಟಿ ಎನ್ನುತ್ತಿದ್ದರು. ಆ ದಿನದಿಂದ ಕಾರಿಡಾರಿನಲ್ಲಿ ಆಕೆ ಹೋಗುತ್ತಿದ್ದರೆ ಯಾರಾದರೊಬ್ಬರು "ಅಮ್ಮೀ, ಬುತ್ತೀ" ಎನ್ನುವರು. ಆಕೆ ತಿರುಗಿ ನೋಡುತ್ತಿರಲಿಲ್ಲ. ಕಾಲೇಜಿನಲ್ಲಿ ಒಂದೊಂದು ಮಾತನ್ನೂ ಅಳೆದು, ಪುಸ್ತಕದಲ್ಲಿ ಇದ್ದಂತೆ ಆಡುವುದನ್ನು ರೂಢಿಮಾಡಿಕೊಂಡಳು.

ಇನ್ನೊಂದು ದಿನದ್ದು ಹೇಳಬೇಕು. ಕಾಲೇಜಿಗೆ ರಜ, ಅವತ್ತು ಆಕೆಯೇ ಮುದ್ದೆ ಕಟ್ಟುತ್ತಿದ್ದಳು. ಬೆಂಗಳೂರಿನಿಂದ ಬಂದ ಒಂದು ಸಂಸಾರ ಊಟಕ್ಕೆ ನಿಂತಿತ್ತು, ಮಕ್ಕಳು ಇಂಗ್ಲಿಷಿನಲ್ಲಿ ಮಾತಾಡುತ್ತಿದ್ದರು. ಅವನು ಆಕೆಯನ್ನು ಒಲೆಯ ಮುಂದಿನಿಂದ ಕೂಗಿ ಕರೆಸಿದ. ರಾಗಿಹಿಟ್ಟು ಮೆತ್ತಿದ ಕೈಯಲ್ಲೇ ಬಂದು ನಿಂತಳು. "ಇವ್ಳೂ ಡಿಗ್ರಿ ಓದ್ತಾವ್ಳೆ ಕಣ್ರೀ. ಇಂಗ್ಲೀಸ್‌ನಲ್ಲಿ ಏನಾರ ಮಾತಾಡಮ್ಮಿ ಇವರ ಕುಟೆ" ಎಂದ. ಅವನ ಮುಖದಲ್ಲಿ ಇದ್ದದ್ದು ಬರೀ ಸಂತೋಷ. ಆಕೆ ತಲೆ ತಗ್ಗಿಸಿ, "ಸಾರು ಇನ್ನೊಸಿ ಆಕ್ಲಾ?" ಎಂದು ಕನ್ನಡದಲ್ಲೇ ಕೇಳಿ ಒಳಗೆ ಹೋದಳು. ನನಗೆ ಅವನ ಮೇಲೆ ತಡೆಯಲಾರದಷ್ಟು ಸಿಟ್ಟು ಬಂತು. ಹೊಸ ಎತ್ತು ತಂದವನು ಬಂದವರಿಗೆಲ್ಲ ಅದರ ಹಲ್ಲು ತೋರಿಸಿದ ಹಾಗಿತ್ತು. ಅವತ್ತು ಮಾತಿಲ್ಲದೆ ಊಟ ಮುಗಿಸಿ ಎದ್ದೆ. ನಾನು ಸಿಟ್ಟಾದದ್ದು ಅವನಿಗೆ ತಿಳಿಯಲೂ ಇಲ್ಲ. "ಯಾಕ್ಸಾ, ಕಾರ ಜಾಸ್ತಿ ಆಗಿತ್ತಾ?" ಎಂದ.

ಮುಂದಿನದನ್ನು ಮೊದಲೇ ಹೇಳಿಬಿಡುತ್ತೇನೆ, ಅದು ಚಿಕ್ಕದು. ಬಿ.ಎ. ಆದ ಮೇಲೆ ಆಕೆ ಬಿ.ಇಡಿ. ಮಾಡಿದಳು, ಹೊಳೆನರಸೀಪುರ ತಾಲ್ಲೂಕಿನ ಒಂದು ಹಳ್ಳಿಯ ಶಾಲೆಯಲ್ಲಿ ಕೆಲಸವಾಯಿತು. ಹೊಳೆನರಸೀಪುರದಲ್ಲಿ ಮನೆ ಮಾಡಿ ಮಗಳ ಜೊತೆ ಇದ್ದಳು. ಅವನು ಹೋಟೆಲು ಬಿಡಲಿಲ್ಲ, ಶನಿವಾರ ಸಂಜೆ ಕ್ಯಾರಿಯರಿನಲ್ಲಿ ಕೋಳಿಸಾರು ಹಿಡಿದು ಬಸ್ಸು ಹತ್ತುತ್ತಿದ್ದ. ಬಸ್ಸಿನವರೆಲ್ಲ ಮೂಗು ಅರಳಿಸುತ್ತಿದ್ದರಂತೆ. ಹಾಗೆ ಕೆಲವು ವರ್ಷ ನಡೆಯಿತು. ಹೋದ ತಿಂಗಳು ಒಂದು ಮಧ್ಯಾಹ್ನ ಗಲ್ಲಾದ ಮುಂದೆಯೇ ಎದೆ ಹಿಡಿದುಕೊಂಡು ಬಾಗಿದನಂತೆ, ಆಸ್ಪತ್ರೆ ಮುಟ್ಟಲಿಲ್ಲ. ಐವತ್ತೂ ಆಗಿರಲಿಲ್ಲ.

ಈಗ ಹಿಂದಕ್ಕೆ, ಆಕೆಯ ಬಿ.ಎ. ಪದವಿ ಪ್ರದಾನದ ಮಾತಿಗೆ ಬರುತ್ತೇನೆ. ಕಾಲೇಜಿನಲ್ಲಿ ಜಾಗ ಸಾಲದೆಂದು ಹಾಸನದ ಒಂದು ಕಲ್ಯಾಣಮಂಟಪ ಗೊತ್ತುಮಾಡಿದ್ದರು. ಅದಕ್ಕೆ ನಾಲ್ಕೈದು ದಿನ ಮುಂಚೆ ಆಕೆ ಸ್ಟಾಫ್ ರೂಮಿಗೆ ಬಂದಳು. ಬೇರೆ ಮೇಷ್ಟ್ರುಗಳು ಎದ್ದು ಹೋಗುವವರೆಗೂ ಕಾದಳು.

"ಸಾರ್, ನಮ್ಮನೆಯವರಿಗೆ ಬರಬೇಡಿ ಅಂತ ನೀವೇ ಹೇಳಬೇಕು. ನನ್ನ ಬಾಯಲ್ಲಿ ಬರಲ್ಲ."

"ನಿನ್ನನ್ನ ಓದಿಸಿದೋರಮ್ಮ ಅವರು" ಎಂದೆ.

"ಗೊತ್ತು ಸಾರ್. ಅವರಿಲ್ಲದಿದ್ರೆ ನಾನಿಲ್ಲಿ ಇರ್ತಾನೇ ಇರಲಿಲ್ಲ. ಆದರೆ ಮೂರು ವರ್ಷ ಎಲ್ಲರ ಕೈಲೂ ನಗಿಸಿಕೊಂಡಿದೀನಿ. ಒಂದು ದಿನ, ಆ ಒಂದು ದಿನ ಮಾತ್ರ ಎಲ್ಲರ ಹಾಗೆ ಹೋಗಿ ತಗೊಂಡು ಬರಬೇಕು ಅಂತ ಆಸೆ. ಅವರು ಬಂದರೆ ಕೂಗ್ತಾರೆ. ನಂಗೆ ಗೊತ್ತು, ಕೂಗೇ ಕೂಗ್ತಾರೆ." ಹೇಳುತ್ತ ಅತ್ತಳು.

ನನಗೆ ಇಂಥ ರಾಯಭಾರ ಒಗ್ಗುವುದಿಲ್ಲ. ಒಪ್ಪಿಕೊಂಡ ತಪ್ಪಿಗೆ ಹೋದೆ. ಊಟದ ಹೊತ್ತು ಮೀರಿ ಹೋಟೆಲು ಖಾಲಿಯಾಗಿತ್ತು. ಅವನು ನನ್ನನ್ನು ಕಂಡವನೇ ಹೊಸ ಬಿಳೀ ಪಂಚೆ ತೋರಿಸಿದ. ಆ ದಿನ ಹೋಟೆಲಿಗೆ ಬಾಗಿಲು, ವ್ಯಾನು ಮಾಡಿಕೊಂಡು ನಂಟರನ್ನೂ ಕರೆದುಕೊಂಡು ಹೋಗುವ ಯೋಚನೆ, ಬಾಡೂಟಕ್ಕೆ ಎರಡು ಕುರಿ ಎಂದೆಲ್ಲ ಹೇಳಿದ. ಅವನು ಅದನ್ನು ಮದುವೆ ಎಂದೇ ತಿಳಿದಿದ್ದ.

"ಗೌಡ್ರೇ, ನೀವು ಬರೋದು ಬೇಡ ಅಂತಾಳೆ" ಎಂದೆ. ಸುತ್ತಿ ಬಳಸಿ ಹೇಳಲು ಎಷ್ಟೋ ತಯಾರಿ ಮಾಡಿಕೊಂಡು ಹೋಗಿದ್ದೆ, ಬಾಯಿಂದ ಬಂದದ್ದು ಅದೇ.

ಪಂಚೆಯನ್ನು ಮಡಿಚಿ ಕವರಿಗೆ ಹಾಕಿದ. "ಅಂಗಂದ್ಲಾ ಸಾ?"

"ನೀವು ಕೂಗ್ತೀರಿ ಅಂತ ಹೆದರಿಕೆ. ಹುಡುಗರು ಆಡಿಕೊಳ್ಳುತ್ತಾರೆ. ಮೊದಲಿಂದಲೂ ಆಡಿಕೊಳ್ಳುತ್ತಾರೆ."

ಅವನು ಪಂಚೆಯ ಕವರನ್ನು ಗಲ್ಲಾದ ಕೆಳಗೆ ತಳ್ಳಿದ. ಆಮೇಲೆ ನನಗೊಂದು ಕಾಫಿ ಹೇಳಿದ. ಅದನ್ನು ಎಷ್ಟು ಮೆಲ್ಲಗೆ ಹೇಳಿದನೆಂದರೆ ಒಳಗಿನವನು ಹೊರಗೆ ಬಂದು ಏನು ಎಂದು ಕೇಳಬೇಕಾಯಿತು.

"ನಂಗ್ ಗೊತ್ತಾಗ್ನೇ ಇಲ್ಲ ಸಾ. ನಾನ್ ಸಂತೋಸಕ್ಕೆ ಕೂಗ್ತಿದ್ದೆ. ಅವ್ಳಿಗೂ ಸಂತೋಸ ಆಯ್ತದೆ ಅಂದ್ಕಂಡಿದ್ದೆ" ಎಂದ. ಕಾಫಿಯನ್ನು ನನ್ನ ಕಡೆ ಸರಿಸಿ, "ನಂಟ್ರೂ ಬ್ಯಾಡ, ಕುರೀನೂ ಬ್ಯಾಡ. ನಾನೊಬ್ನೇ ಬಂದು ಇಂದ್ಗಡೆ ಕೂತ್ಕತೀನಿ. ಬಾಯಿ ಬುಟ್ರೆ ಕೇಳಿ ಸಾ. ನೋಡ್ದೆ ಮಾತ್ರ ಇರಾಕಾಗಾಕಿಲ್ಲ ಕಣ್ ಸಾ ನಂಗೆ" ಎಂದ.

ಇದನ್ನು ಆಕೆಗೆ ತಿಳಿಸಿದೆ. "ಬಾಯಿ ಬಿಡಲ್ಲ ಅಂದ್ರಾ?" ಎಂದು ಎರಡು ಸಲ ಕೇಳಿದಳು. ಕೊನೆಗೆ ಒಪ್ಪಿದಳು. ಪಕ್ಕದಲ್ಲಿ ನಾನೇ ಕೂರಬೇಕು ಎಂದು ಕರಾರು ಹಾಕಿದಳು.

ಕಲ್ಯಾಣಮಂಟಪದಲ್ಲಿ ಹಿಂದಿನ ದಿನದ ಮದುವೆಯ ಹೂವಿನ ಅಲಂಕಾರ ಇನ್ನೂ ಇತ್ತು. ವಧುವಿನ ಕೋಣೆಯಲ್ಲಿ ಹುಡುಗಿಯರಿಗೆ ಕರೀ ಗೌನು ಹಂಚುತ್ತಿದ್ದರು. ಅವನು ಬಿಳೀ ಪಂಚೆ, ಬಿಳೀ ಅಂಗಿಯಲ್ಲಿ ಬಂದು ಹಿಂದಿನಿಂದ ಮೂರನೆಯ ಸಾಲಿನಲ್ಲಿ ನನ್ನ ಪಕ್ಕ ಕೂತ. ಹೆಗಲ ಮೇಲೆ ಟವೆಲಿರಲಿಲ್ಲ, ಅದು ಹಳ್ಳಿಯವನ ಗುರುತು ಎಂದು ಬಿಟ್ಟು ಬಂದಿದ್ದನೋ ಏನೋ. ಕೈ ಎಲ್ಲಿ ಇಡಬೇಕೆಂದು ತಿಳಿಯದೆ ತೊಡೆಯ ಕೆಳಗೆ ಸೇರಿಸಿಕೊಂಡಿದ್ದ.

ಹೆಸರು ಕೂಗಲು ಶುರುವಾಯಿತು. ನಾನು ಶಾಂತವಾಗಿ ನಡೆಯುತ್ತದೆ ಎಂದುಕೊಂಡಿದ್ದೆ, ಎಲ್ಲಿಯ ಶಾಂತ. ಒಬ್ಬೊಬ್ಬರು ವೇದಿಕೆ ಹತ್ತಿದಾಗಲೂ ಅವರವರ ಕಡೆಯವರು ಕೇಕೆ ಹಾಕಿದರು. ಅಪ್ಪಂದಿರು ಶಿಳ್ಳೆ ಹೊಡೆದರು. ಮುಂದಿನ ಸಾಲಿನ ಒಬ್ಬ ಅಜ್ಜಿ ಮೊಮ್ಮಗಳ ಹೆಸರು ಹಿಡಿದು ಕೂಗಿ, ಕುರ್ಚಿಯಿಂದ ಬೀಳುವುದೊಂದು ಬಾಕಿ.

"ಎಲ್ರೂ ಕೂಗ್ತಾವ್ರಲ್ಲ ಸಾ" ಎಂದು ನನ್ನ ಕಿವಿಯಲ್ಲಿ ಹೇಳಿದ.

"ಕೂಗಲಿ ಬಿಡಿ" ಎಂದೆ.

ಆಕೆಯ ಹೆಸರು ಬಂತು. ಗೌನಿನ ಕೆಳಗೆ ರೇಷ್ಮೆ ಸೀರೆಯ ಅಂಚು, ಜಡೆಗೆ ಮುಡಿದ ಮಲ್ಲಿಗೆಯ ಮೇಲೆ ಟೋಪಿ ನಿಲ್ಲದೆ ವಾಲುತ್ತಿತ್ತು. ಒಂದು ಕೈಯಲ್ಲಿ ಅದನ್ನು ಹಿಡಿದುಕೊಂಡೇ ಹತ್ತಿದಳು. ಜೊತೆಯ ಹುಡುಗಿಯರು ನಾಲ್ಕು ಚಪ್ಪಾಳೆ ತಟ್ಟಿದರು. ಉಳಿದಂತೆ ಸಭೆ ಸುಮ್ಮನಿತ್ತು. ಅಷ್ಟು ಗದ್ದಲದ ನಡುವೆ ಆಕೆಯ ಸರದಿಯಲ್ಲಿ ಫ್ಯಾನಿನ ಸದ್ದು ಕೇಳಿಸಿತು. ನಾನು ಪಕ್ಕಕ್ಕೆ ನೋಡಿದೆ. ಅವನು ತುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದಿದ್ದ, ಕುತ್ತಿಗೆಯ ನರ ಎದ್ದು ನಿಂತಿತ್ತು.

ಆಕೆ ಪದವಿ ಪತ್ರ ತೆಗೆದುಕೊಂಡಳು, ಫೋಟೋ ಆಯಿತು. ಇಳಿಯಬೇಕಾದವಳು ವೇದಿಕೆಯ ಅಂಚಿನಲ್ಲಿ ನಿಂತು ಸಭೆಯನ್ನು ಹುಡುಕಿದಳು. ನಿರೂಪಣೆ ಮಾಡುತ್ತಿದ್ದ ಮೇಡಂ ಮುಂದಿನ ಹೆಸರು ಕೂಗಿದರು. ಆಕೆ ಕದಲಲಿಲ್ಲ. ನಮ್ಮಿಬ್ಬರನ್ನು ಕಂಡಳು. ಅವನು ಇನ್ನೂ ಹಾಗೆಯೇ ತುಟಿ ಕಚ್ಚಿಕೊಂಡು ಕೂತಿದ್ದ. ಆಕೆಯ ಮುಖ ಬಾಡಿತು, ಆಮೇಲೆ ಕೆಂಪಾಯಿತು. ಆಸೆಪಟ್ಟದ್ದು ಸಿಕ್ಕಿತ್ತು, ಆದರೆ ಅದು ಬೇಡವಾದಂತೆ ಕಾಣಿಸಿತು.

"ಏನ್ರೀ!" ಎಂದಳು. ಮೈಕು ಹತ್ತಿರವೇ ಇತ್ತು, ಮಂಟಪಕ್ಕೆಲ್ಲ ಕೇಳಿಸಿತು. "ಎಲ್ಲಾರ್ ಮನೆಯವ್ರೂ ಕೂಗ್ತಾವ್ರೆ. ನೀವ್ಯಾಕ್ ಸುಮ್ಕೆ ಕೂತಿದ್ದೀರಿ? ಕೂಗ್ರೀ!"

ಒಂದು ಗಳಿಗೆ ಯಾರಿಗೂ ಏನೂ ಅರ್ಥವಾಗಲಿಲ್ಲ. ಆಮೇಲೆ ಸಭೆ ಗೊಳ್ಳೆಂದು ನಕ್ಕು, ಹೊರಳಿ ನಮ್ಮ ಕಡೆ ನೋಡಿತು. ಆಕೆಗೆ ಆ ನಗು ಕೇಳಿಸಿರಬೇಕು. ಆದರೂ ನಿಂತೇ ಇದ್ದಳು.

ಅವನು ಎದ್ದ. ಬಾಯಿ ತೆರೆದ. ನಾನು ಕಿವಿ ಮುಚ್ಚಿಕೊಳ್ಳುವುದಕ್ಕೇ ಸಿದ್ಧನಾಗಿದ್ದೆ, ಗಂಟಲಿನಿಂದ ಗಾಳಿಯಲ್ಲದೆ ಏನೂ ಬರಲಿಲ್ಲ. ಮತ್ತೊಮ್ಮೆ ತೆರೆದ, ಆಗಲೂ ಬರಲಿಲ್ಲ. ಕಣ್ಣೀರು ಅಂಗಿಯ ಮೇಲೆ ಬೀಳುತ್ತಿತ್ತು. ಆಮೇಲೆ ಅವನು ಎರಡೂ ಕೈ ಎತ್ತಿ, ವೇದಿಕೆಯ ಕಡೆಗೆ, ಹೆಂಡತಿಗೆ, ಮುಗಿದ.

ನಮ್ಮ ಕಡೆ ಗಂಡ ಹೆಂಡತಿಗೆ ಕೈ ಮುಗಿಯುವುದುಂಟೇ? ಹಾಗೆ ಮಾಡಿದರೆ ಹೆಂಡತಿಗೆ ಶ್ರೇಯಸ್ಸಲ್ಲ ಎಂದು ಹಿರಿಯರು ಬೈಯುತ್ತಾರೆ. ಸಭೆಯ ನಗು ನಿಂತುಹೋಯಿತು. ಮುಂದಿನ ಸಾಲಿನ ಅಜ್ಜಿ, "ಅಯ್ ಶಿವ್ನೇ" ಎಂದಿತು.

"ಅಯ್ಯೋ, ಕೈ ಇಳುಸ್ರೀ" ಎಂದಳು ಆಕೆ ಮೇಲಿನಿಂದ. ದನಿ ಒಡೆದಿತ್ತು. "ಜನ ನೋಡ್ತಾವ್ರೆ, ಇಳುಸ್ರೀ."

ಅವನು ಇಳಿಸಲಿಲ್ಲ.